ಅಮ್ಮ ಕೊಟ್ಟ ಮೂಳೆ

ನಮ್ಮ ಮನೆಯಲ್ಲಿ ತಿನ್ನುವ ಬಾಯಿ ನಾಲ್ಕು, ಬೇಯುವ ಮೊಟ್ಟೆ ಒಂದು. ಅದು ನಮ್ಮವರ ತಟ್ಟೆಗೆ. ಹಾಕುವಾಗ ನಮ್ಮತ್ತೆ "ಮೂಳೆಗೆ" ಎಂದು ಹೇಳಿಯೇ ಹಾಕುತ್ತಾರೆ. ಮದುವೆಯಾಗಿ ಬಂದ ಹೊಸದರಲ್ಲಿ ತಿಳಿಯದೆ ನನಗೂ ಒಂದು ಬೇಯಿಸಿಕೊಂಡಿದ್ದೆ. ಅತ್ತೆ ಅದನ್ನು ನೋಡಿ, "ನಿನ್ನ ಮೂಳೆಗೇನಾಗಿದೆಯಮ್ಮ, ಕಬ್ಬಿಣ ಇದ್ದಹಾಗಿದೀಯ" ಎಂದರು. ಅಲ್ಲಿಂದ ಎಂಟು ವರ್ಷ, ನಾನು ಮೊಟ್ಟೆಯ ಮುಖ ನೋಡುವುದು ನಾನು ಕೆಲಸ ಮಾಡುವ ಬೇಕರಿಯಲ್ಲಿ, ಅದನ್ನು ಒಡೆದು ಹಿಟ್ಟಿಗೆ ಹಾಕುವಾಗ ಮಾತ್ರ.

ಮೂಳೆಯ ಕಥೆ ಇಷ್ಟು. ನಮ್ಮವರಿಗೆ ಹನ್ನೊಂದು ವರ್ಷವಿದ್ದಾಗ ಎಡಗಾಲಿನ ಮೇಲೆ, ಮೊಣಕಾಲಿನ ಕೆಳಗೆ, ಲಾರಿಯ ಚಕ್ರ ಹರಿದುಹೋಯಿತು. ಪಾದ ಉಳಿಯಿತು, ಮೊಣಕಾಲು ಉಳಿಯಿತು, ನಡುವಿನ ಐದಾರು ಬೆರಳಗಲ ಮೂಳೆ ರಸ್ತೆಯಲ್ಲೇ ಪುಡಿಯಾಯಿತು. ಅಷ್ಟು ಮೂಳೆ ಹುಡುಗನ ಮೈಯಿಂದಲೇ ತೆಗೆಯಲು ಆಗುವುದಿಲ್ಲ, ದೊಡ್ಡವರು ಯಾರಾದರೂ ಕೊಟ್ಟರೆ ನೋಡೋಣ ಎಂದರಂತೆ ಆಗಿನ ಡಾಕ್ಟರು. ಅತ್ತೆ ಹಿಂದುಮುಂದು ನೋಡದೆ "ನಂದು ತಗೊಳ್ಳಿ" ಎಂದರು. ಅವರ ಬಲಗಾಲಿನ ಹೊರಬದಿಯ ಸಣ್ಣ ಮೂಳೆಯನ್ನು ಕೊಯ್ದು ಮಗನ ಕಾಲಲ್ಲಿ ಕೂರಿಸಿ, ಸುತ್ತ ಕಬ್ಬಿಣದ ಬಳೆಗಳನ್ನು ಹಾಕಿ, ಆ ಬಳೆಗಳಿಂದ ಮಾಂಸದೊಳಕ್ಕೆ ಕಂಬಿ ಚುಚ್ಚಿ ಬಿಗಿದರು. ಬಳೆ ಬಿಚ್ಚಲು ಒಂದೂವರೆ ವರ್ಷ ಹಿಡಿಯಿತು. ಮಗ ಎದ್ದು ನಡೆದ. ತಾಯಿಗೆ ಕುಂಟು ಉಳಿಯಿತು. ಬೀದಿಯವರೆಲ್ಲ ಅತ್ತೆಯನ್ನು ಹೊಗಳಿದರು. ಸುಳ್ಳೇಕೆ, ನಾನೂ ಹೊಗಳಿದವಳೇ. ಹೆತ್ತವಳಲ್ಲದೆ ಇನ್ನಾರು ಹಾಗೆ ಕೊಟ್ಟಾರು?

ಎದ್ದು ನಡೆದ ಎಂದು ಕಥೆ ಮುಗಿಸುವವರು ಆಮೇಲೆ ಬಂದು ನೋಡುವುದಿಲ್ಲ. ಆ ಕಾಲು ಮೂರು ಬೆರಳು ಗಿಡ್ಡ. ಪಾದ ಬಾಗುವುದಿಲ್ಲ, ಹಲಗೆ ಇದ್ದಹಾಗಿದೆ. ಚಪ್ಪಲಿ ಹೊಲಿಯುವವನು ಒಂದು ಬೂಟಿಗೆ ಇಟ್ಟಿಗೆ ದಪ್ಪದ ಅಟ್ಟೆ ಹಾಕಿಕೊಡುತ್ತಾನೆ. ಇವೆಲ್ಲ ಹೋಗಲಿ ಎನ್ನಬಹುದು. ಮೊಣಕಾಲಿನ ಕೆಳಗೆ, ಕಾಲಿನ ಮುಂಬದಿಯಲ್ಲಿ ಒಂದು ತೂತು ಇದೆ. ಒಂದು ವರ್ಷ ಮುಚ್ಚಿಕೊಳ್ಳುತ್ತದೆ, ಇನ್ನೊಂದು ವರ್ಷ ಬಾಯಿಬಿಟ್ಟು ಕೀವು ಸೋರುತ್ತದೆ. ಸೋರಿದಾಗ ತೊಳೆಯುವುದು ಅತ್ತೆ. ನಾನು ಬೋಗುಣಿ ಮುಟ್ಟಿದರೆ, "ನಿನಗೆ ತಿಳಿಯಲ್ಲ, ಬಿಡು. ಅದು ನನ್ನ ಮೂಳೆ, ಅದರ ಸ್ವಭಾವ ನನಗೆ ಗೊತ್ತು" ಎಂದು ಕಸಿದುಕೊಳ್ಳುತ್ತಿದ್ದರು. ಕಟ್ಟಿಕೊಂಡ ಗಂಡನ ಕಾಲನ್ನು ನಾನು ಎಂಟು ವರ್ಷದಲ್ಲಿ ಒಂದು ಸಲವೂ ತೊಳೆದಿಲ್ಲ.

ನಮ್ಮವರು ಕ್ಷೌರಿಕರು. ಮನೆಯ ಮುಂಭಾಗವೇ ಅಂಗಡಿ, ಮಾವ ಇಟ್ಟಿದ್ದು. ಬೇರೆ ಕ್ಷೌರಿಕರು ಗಿರಾಕಿಯ ಸುತ್ತ ಸುತ್ತುತ್ತಾರೆ, ಇವರು ಗಿರಾಕಿಯನ್ನೇ ಸುತ್ತಿಸುತ್ತಾರೆ. ಕುರ್ಚಿಯ ಎಡಕ್ಕೆ ಗೋಡೆಗೆ ಒರಗಿ ನಿಂತರೆ ನಿಂತರು. ಒಂದು ಕೈಯಲ್ಲಿ ಕತ್ತರಿ, ಇನ್ನೊಂದು ಕೈ ಕುರ್ಚಿಯ ಬೆನ್ನಿಗೆ. ಬೀದಿಯ ಪಡ್ಡೆ ಹುಡುಗರು ಇವರಿಗೆ ತಿರುಗುಕುರ್ಚಿ ಎಂದೇ ಹೆಸರಿಟ್ಟಿದ್ದರು. ಕೈ ಮಾತ್ರ ಬಂಗಾರ. ಅಳುವ ಮಗುವಿನ ತಲೆಯನ್ನೂ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮುಗಿಸಿಬಿಡುತ್ತಿದ್ದರು.

ಈ ವರ್ಷ ತೂತು ಮುಚ್ಚಲಿಲ್ಲ. ಮಾತ್ರೆ ನುಂಗಿದರು, ಇಂಜೆಕ್ಷನ್ ಹಾಕಿಸಿಕೊಂಡರು, ಅತ್ತೆ ಎರಡು ಹೊತ್ತೂ ತೊಳೆದರು. ವಾಸನೆ ಹುಟ್ಟಿತು. ಅಂಗಡಿಯಲ್ಲಿ ಪೌಡರು, ಸೆಂಟು, ಎಲ್ಲ ಸುರಿದೆವು. ಮುಖಕ್ಕೆ ಮುಖ ತಂದು ಮೀಸೆ ಕತ್ತರಿಸುವ ಕಸುಬು, ಎಲ್ಲಿ ಮುಚ್ಚಿಟ್ಟರೂ ಮೂಗಿಗೆ ಹೊಡೆಯದೆ ಇರುತ್ತದೆಯೇ? ಭಾನುವಾರ ಬೆಂಚಿನ ಮೇಲೆ ಸಾಲು ಕೂರುತ್ತಿದ್ದವರು ಒಬ್ಬೊಬ್ಬರೇ ಎದುರು ಬೀದಿಯ ಹೊಸ ಸಲೂನಿಗೆ ಹೊರಳಿಕೊಂಡರು. "ಅಲ್ಲಿ ಏಸಿ ಇದೆಯಂತೆ" ಎಂದರು ಮಾವ. ಏಸಿ ಅಲ್ಲ ಎಂದು ಅವರಿಗೂ ಗೊತ್ತಿತ್ತು.

ಚಳಿಜ್ವರ ಬಂದ ದಿನ ನಾನೇ ದೊಡ್ಡಾಸ್ಪತ್ರೆಗೆ ಕರೆದೊಯ್ದೆ. ಅತ್ತೆ ಸೀರೆ ಬದಲಿಸಿ ಹೊರಟು ನಿಂತಿದ್ದರು. ಜೊತೆಗೆ ಒಬ್ಬರಿಗೆ ಮಾತ್ರ ಪ್ರವೇಶ ಎಂದೆ. "ಆ ಒಬ್ಬರು ನಾನು" ಎಂದರು ಅತ್ತೆ. ನಮ್ಮವರು ಮೊದಲ ಸಲ, "ಅಮ್ಮ, ಈ ಸಲ ಇವಳು ಬರಲಿ" ಎಂದರು. ಅತ್ತೆ ಉಟ್ಟ ಸೀರೆಯಲ್ಲೇ ಬಾಗಿಲಲ್ಲಿ ಕುಳಿತರು.

ಹೊಸ ಡಾಕ್ಟರಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. "ಈ ಬೆಳ್ಳಗೆ ಕಡ್ಡಿ ಥರ ಕಾಣ್ತಿದೆಯಲ್ಲ, ಇದೇನು?"

"ನಮ್ಮಮ್ಮನ ಮೂಳೆ" ಎಂದರು ನಮ್ಮವರು. ಜ್ವರದಲ್ಲೂ ಆ ಮಾತು ಹೇಳುವಾಗ ಅವರ ಮುಖ ಅರಳುತ್ತಿತ್ತು.

ಡಾಕ್ಟರಮ್ಮ ಅದನ್ನು ಮೇಜಿನ ಮೇಲಿಟ್ಟರು. ಆಮೇಲೆ ಕಡ್ಡಿ ಮುರಿದ ಹಾಗೆ ಹೇಳಿದರು. "ಇದು ಹಿಡಿದೇ ಇಲ್ಲಪ್ಪ. ಸತ್ತ ಮೂಳೆ, ಅದಕ್ಕೇ ಇಷ್ಟು ಬೆಳ್ಳಗಿದೆ. ನಿಮ್ಮ ಸ್ವಂತ ಮೂಳೆ ಸುತ್ತ ಬೆಳೆದು ಇದನ್ನ ಒಳಗೆ ಮುಚ್ಚಿಟ್ಟುಕೊಂಡಿದೆ. ಇಷ್ಟು ವರ್ಷ ನೀವು ನಡೆದಿರೋದು ನಿಮ್ಮ ಮೂಳೆ ಮೇಲೆ. ಕೀವು ಬರ್ತಿರೋದು ಇದರಿಂದ."

"ಹಾಗಾದ್ರೆ ತೆಗೆದುಬಿಡಿ" ಎಂದೆ ನಾನು.

"ತೆಗೀಬಹುದು. ಆದರೆ ಸುತ್ತಲಿನದನ್ನೂ ಕೀವು ತಿಂದುಹಾಕಿದೆ. ಇದನ್ನ ತೆಗೆದರೆ ಕಾಲು ನಿಲ್ಲಲ್ಲ. ಮತ್ತೆ ಆ ಬಳೆ ಥರದ ರಿಂಗ್ ಹಾಕಿ ಮೂಳೆ ಬೆಳೆಸಬೇಕು, ಎರಡು ವರ್ಷ ಹಿಡಿದರೂ ಹಿಡೀತು. ಅಷ್ಟು ಮಾಡಿದರೂ ಪಾದ ಹೀಗೇ ಇರುತ್ತೆ, ಕೀವು ಮತ್ತೆ ಬರಲ್ಲ ಅಂತ ನಾನು ಮಾತು ಕೊಡಲ್ಲ. ಇಲ್ಲ ಅಂದ್ರೆ ಮೊಣಕಾಲಿನ ಕೆಳಗೆ ಕಾಲು ತೆಗೆದು ಕೃತಕ ಕಾಲು ಹಾಕಬೇಕು. ನಾಲ್ಕೈದು ತಿಂಗಳಲ್ಲಿ ಕೆಲಸಕ್ಕೆ ನಿಂತಿರ್ತೀರಿ. ಮನೆಯಲ್ಲಿ ಮಾತಾಡಿ ಬನ್ನಿ, ತುಂಬ ದಿನ ಮಾತ್ರ ಎಳೀಬೇಡಿ. ಕೀವು ರಕ್ತಕ್ಕೆ ಹೋದರೆ ಆಮೇಲೆ ಕಾಲಿನ ಮಾತಲ್ಲ, ಜೀವದ ಮಾತು."

ನಮ್ಮವರು ಕೇಳಿದ್ದು ಒಂದೇ. "ಕೃತಕ ಕಾಲು ಸೋರಲ್ಲ ಅಲ್ವಾ ಡಾಕ್ಟ್ರೇ?"

ಬಸ್ಸಿನಲ್ಲಿ ನನ್ನ ಕೈ ಹಿಡಿದುಕೊಂಡು, "ಕಾಲು ತೆಗೆಸ್ತೀನಿ ಕಣೇ. ಆದ್ರೆ ಅದು ಸತ್ತಿದೆ ಅಂತ ಅಮ್ಮನಿಗೆ ಹೇಳಬೇಡ. ಅವಳು ಬದುಕಿರೋದೇ ಆ ಮಾತಿನ ಮೇಲೆ" ಎಂದರು. ಹೂಂ ಎಂದೆ. ಅತ್ತೆಯ ಮೇಲೆ ನನಗೆ ಎಷ್ಟು ಸಿಟ್ಟಿದ್ದರೂ, ಆ ಮಾತು ಹೇಳುವುದು ಗಾಯದ ಮೇಲೆ ಬರೆ ಎಳೆದ ಹಾಗೆ ಎಂದು ನನಗೂ ಅನ್ನಿಸಿತ್ತು.

ಊಟಕ್ಕೆ ಕೂತಾಗ ಅತ್ತೆ ಅನ್ನ ಬಡಿಸಿ, ಬೇಳೆ ಹಾಕಿ, ಮೊಟ್ಟೆ ಇಟ್ಟು, "ಏನಂದ್ರು?" ಎಂದು ಕೇಳಿದರು.

"ಕಾಲು ತೆಗೀಬೇಕಂತೆ ಅಮ್ಮ."

"ಯಾರ ಕಾಲು?"

"ನನ್ನ ಕಾಲು."

"ನಿಂದಾ?" ಅತ್ತೆ ಸೌಟು ಕೆಳಗಿಟ್ಟರು. "ಅರ್ಧ ನಂದು ಕಣೋ. ನನ್ನನ್ನ ಒಂದು ಮಾತು ಕೇಳದೆ ಹೂಂ ಅಂದು ಬಂದ್ಯಾ?"

"ನೋವು ತಿನ್ನೋನು ನಾನಲ್ವಾ?"

"ನಾನು ತಿನ್ನಲಿಲ್ವಾ? ನೀನು ಸಣ್ಣೋನು, ಮರೆತಿದೀಯ. ಮರೆತೇ ಮರೀತಾರೆ. ಕೊಟ್ಟೋಳು ಕೋಡಂಗಿ, ಇಸ್ಕೊಂಡೋನು ಈರಭದ್ರ!" ಎಂದು, ನನ್ನ ಕಡೆ ತಿರುಗಿ, "ನಿನಗೆ ಸಮಾಧಾನ ಆಯ್ತಾ? ಒಂದು ದಿನ ನೀನು ಜೊತೆಗೆ ಹೋದೆ, ಕಾಲು ಕಳ್ಕೊಂಡು ಬಂದ್ರಿ" ಎಂದರು.

"ನಾನೇನು ಕೊಡಲಿ ಹಿಡ್ಕೊಂಡು ಹೋಗಿದ್ನಾ ಅತ್ತೆ?"

ಮಾವ ತಟ್ಟೆಯಿಂದ ತಲೆ ಎತ್ತಲಿಲ್ಲ. "ಕೂದಲು ಕತ್ತರಿಸಿ ಬದುಕಿದ ಮನೆ, ಕಾಲಿಗೂ ಬಂತು ನೋಡು" ಎಂದು ಅನ್ನ ಕಲಸಿದರು. ಅವರು ಹೀಗೇ. ಮನೆಗೆ ಬೆಂಕಿ ಬಿದ್ದರೂ ಬೀಡಿ ಹಚ್ಚಿಕೊಳ್ಳೋಣ ಎನ್ನುವ ಜಾತಿ.

ಮಾರನೆಯ ದಿನದಿಂದ ಎರಡು ಮೊಟ್ಟೆ ಬೇಯತೊಡಗಿದವು. ಎರಡೂ ಮೂಳೆಗೆ. ಅತ್ತೆ ಎಕ್ಸ್‌ರೇಯನ್ನು ದಿಂಬಿನ ಚೀಲದಲ್ಲಿ ಸುತ್ತಿಕೊಂಡು ಕುಂಟುತ್ತಾ ಊರಿನ ಡಾಕ್ಟರುಗಳನ್ನೆಲ್ಲ ಸುತ್ತಿ ಬಂದರು. ಯಾರು ಏನು ಹೇಳಿದರೋ, ನಮಗೆ ಹೇಳಲಿಲ್ಲ. ಬರುವಾಗ ಹಾಲಿನ ಪುಡಿಯ ಡಬ್ಬ, ಸುಣ್ಣದ ಮಾತ್ರೆ ತಂದರು. ಮೂರು ವಾರ ಮನೆಯಲ್ಲಿ ಮಾತಿಗೆ ಮೊದಲು ಜಗಳ, ಜಗಳ ಆದಮೇಲೆ ಪಾತ್ರೆ ಎಸೆಯುವ ಸದ್ದು. ನಮ್ಮವರು ಒಂದು ದಿನ ಹೋಗಿ ತೆಗೆಸಿಕೊಂಡು ಬರಬಹುದಿತ್ತು, ಬೆಳೆದ ಗಂಡಸು. ಆದರೆ ಅಮ್ಮ ಹೂಂ ಅನ್ನಲಿ ಎಂದು ಕಾದರು. ಮೈಯಲ್ಲಿ ಅಮ್ಮನ ಋಣ ಇಟ್ಟುಕೊಂಡವನು ಹೇಗೆ ತಾನೇ ಬೆನ್ನು ತಿರುಗಿಸಿ ಹೋದಾನು? ನನಗೆ ಮಾತ್ರ ಮೈ ಉರಿಯುತ್ತಿತ್ತು. ಮಗನ ಕಾಲು ಉಳಿಸಲು ಹೋಗಿ ಮಗನನ್ನೇ ಕಳೆದುಕೊಳ್ಳುತ್ತಾಳಲ್ಲ ಈ ಮುದುಕಿ ಎಂದು.

ಅತ್ತೆ ಹೇಳಿಕಳುಹಿಸಿ ಮಗಳನ್ನು ಕರೆಸಿದರು. ನಮ್ಮವರ ಅಕ್ಕ, ಹೊಲಿಗೆ ಫ್ಯಾಕ್ಟರಿಯಲ್ಲಿ ಅಂಗಿಯ ಕಾಲರ್ ಹೊಲಿಯುವವರು. ವಾರದ ರಜೆಯ ದಿನ ಬಂದರು, ಚಪ್ಪಲಿ ಬಿಡುವ ಮೊದಲೇ ಶುರುಮಾಡಿದರು.

"ಏನೋ, ಕಾಲು ಬೇಡ್ವಂತೆ ಮಹಾರಾಯರಿಗೆ?"

"ಬಾ ಅಕ್ಕ, ಕೂತ್ಕೋ."

"ಕೂತೇ ಕೂತೇ ಸೊಂಟ ಹೋಗಿದೆ ಬಿಡು. ಆ ಬಳೆ ಹಾಕಿದ್ರಲ್ಲ, ಅಮ್ಮನ ಕಾಲಿಗೂ ಹೊಲಿಗೆ, ಅವಳಿಗೆ ಏಳೋಕಾಗಲ್ಲ. ಯಾರು ಆ ಕಂಬಿಗಳ ಬುಡ ಒರೆಸಿದ್ದು? ಯಾರು ನಟ್ಟು ಬಿಗಿ ಮಾಡಿದ್ದು? ನಾನು. ಅದಕ್ಕೆ ಅಂತ ಸ್ಕೂಲು ಬಿಡಿಸಿದ್ರು. ಒಂದು ವರ್ಷ ಅಂದ್ರು, ಹೋಗಿದ್ದು ಹೋಗೇ ಬಿಡ್ತು. ಈಗ ನೀನು ಬೇಡ ಅಂತ ಬಿಸಾಕಿದ್ರೆ ನನ್ನ ಓದು ವಾಪಸ್ ಬರುತ್ತಾ?"

"ನಾನು ಕೇಳಿದ್ನಾ ಅಕ್ಕ?"

"ಕೇಳಲಿಲ್ಲ. ಕಿರುಚ್ತಿದ್ದೆ. ನಾನು ಕಿವಿಗೆ ಬಟ್ಟೆ ಕಟ್ಕೊಂಡು ನಟ್ಟು ತಿರುಗಿಸ್ತಿದ್ದೆ." ಎಂದವರು ಮುಖ ಆಚೆ ತಿರುಗಿಸಿದರು.

ಅಷ್ಟು ಹೊತ್ತಿಗೆ ಅಂಗಡಿಯಿಂದ ಮಾವ ಕೂಗಿದರು. ಹಳೆಯ ಗಿರಾಕಿ ಬಂದಿದ್ದ, ಮೂಗಿಗಿಂತ ಅಭ್ಯಾಸ ದೊಡ್ಡದು ಎನ್ನುವ ಕೆಲವರಲ್ಲಿ ಒಬ್ಬ, ಹಾಲಿನ ಅಂಗಡಿಯವನು. ಮಾವನ ಕೈ ಈಗ ನಡುಗುತ್ತದೆ, ಗಡ್ಡಕ್ಕೆ ನಮ್ಮವರೇ ಬೇಕು. ಜ್ವರದಲ್ಲೇ ಎದ್ದು ಹೋದರು. ನಾನೂ ಅಕ್ಕನೂ ಬಾಗಿಲಲ್ಲಿ ನಿಂತು ನೋಡುತ್ತಿದ್ದೆವು. ನೊರೆ ಹಚ್ಚಿದರು, ಒಂದು ಕೆನ್ನೆ ಮುಗಿಸಿದರು, ಕುರ್ಚಿ ತಿರುಗಿಸಲು ಕೈ ಇಟ್ಟರು. ಕಾಲು ಮಡಿಚಿಕೊಂಡಿತು. ರೇಜರು ಗಿರಾಕಿಯ ಕಿವಿಯ ಕೆಳಗಿನಿಂದ ದವಡೆಯವರೆಗೆ ಗೀರಿಕೊಂಡು ಹೋಯಿತು. ಬಿಳಿ ನೊರೆಯೆಲ್ಲ ಕೆಂಪಾಯಿತು.

ಹಾಲಿನವನು ಬೈದಿದ್ದರೆ ಚೆನ್ನಾಗಿತ್ತು. ಟವೆಲ್ಲನ್ನು ದವಡೆಗೆ ಒತ್ತಿಕೊಂಡು, "ಪರವಾಗಿಲ್ಲ ಬಿಡಿ, ಪರವಾಗಿಲ್ಲ" ಎನ್ನುತ್ತಾ ಅರ್ಧ ಗಡ್ಡದಲ್ಲೇ ಎದುರು ಬೀದಿಗೆ ಹೋದ. ನಮ್ಮವರು ನೆಲದ ಮೇಲೆ, ಕೂದಲ ರಾಶಿಯಲ್ಲಿ ಕೂತಿದ್ದರು. ರೇಜರು ಇನ್ನೂ ಕೈಯಲ್ಲೇ ಇತ್ತು. "ಕೈ ಅಲ್ಲ ಕಣೇ" ಎಂದು ನನ್ನ ಮುಖ ನೋಡಿದರು, "ಕೈ ಸರಿಯಾಗೇ ಇತ್ತು."

ಅಕ್ಕ ಒಂದು ರಟ್ಟೆ, ನಾನೊಂದು ರಟ್ಟೆ ಹಿಡಿದು ಒಳಗೆ ತಂದೆವು. ಅತ್ತೆ ಆಗಲೇ ಬೋಗುಣಿಯಲ್ಲಿ ಬಿಸಿನೀರು ಹಿಡಿದುಕೊಂಡು ಬಂದಿದ್ದರು.

"ಮತ್ತೆ ರಿಂಗ್ ಹಾಕಿಸು" ಎಂದರು. "ಮೂಳೆ ಸಾಲದಿದ್ರೆ ನನ್ನ ಇನ್ನೊಂದು ಕಾಲಿಂದ ತಗೊಳ್ಳಲಿ. ಕೊಡ್ತೀನಿ. ಎರಡು ವರ್ಷ ತಾನೇ, ನಾನು ನೋಡ್ಕೋತೀನಿ."

ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು. "ಕೊಟ್ಟಿದ್ದೇ ಸತ್ತು ಹೋಗಿದೆ ಅತ್ತೆ! ಇನ್ನೊಂದು ಬೇರೆ ಕೊಡ್ತೀರಾ?"

"ಏಯ್, ಬಾಯಿ ಮುಚ್ಚು!" ಎಂದರು ನಮ್ಮವರು.

"ಮುಚ್ಚಲ್ಲ. ನಿಮ್ಮ ಮೂಳೆ ಹಿಡಿದೇ ಇಲ್ವಂತೆ ಅತ್ತೆ. ಅದೇ ಕೊಳೆತು ಇವರನ್ನ ತಿಂತಿರೋದಂತೆ. ಡಾಕ್ಟರಮ್ಮ ಕಣ್ಣಿಗೆ ಕಾಣೋ ಹಾಗೆ ತೋರಿಸಿದ್ರು."

ಎದೆ ಬಡಿದುಕೊಂಡು ಅಳುತ್ತಾರೆ ಎಂದುಕೊಂಡೆ. ನನ್ನ ಕೆನ್ನೆಗೆ ಬಾರಿಸಿದ್ದರೂ ತಡೆದುಕೊಳ್ಳುತ್ತಿದ್ದೆ. ಅತ್ತೆ ಎರಡೂ ಮಾಡಲಿಲ್ಲ. ಬಟ್ಟೆಯನ್ನು ಬಿಸಿನೀರಲ್ಲಿ ಅದ್ದಿ ಹಿಂಡತೊಡಗಿದರು.

"ಅಮ್ಮ?" ಎಂದರು ಅಕ್ಕ. "ಕೇಳಿಸ್ತಾ?"

ಬಾಗಿಲಲ್ಲಿ ನಿಂತಿದ್ದ ಮಾವ ಹೇಳಿದರು. "ಅವಳಿಗೆ ಗೊತ್ತು."

"ನೀವು ಸುಮ್ನಿರ್ರಿ" ಎಂದರು ಅತ್ತೆ.

"ಎಷ್ಟು ವರ್ಷ ಸುಮ್ನಿರಲೇ? ಬಳೆ ಬಿಚ್ಚಿ ಮೂರು ವರ್ಷ ಆದ್ಮೇಲೆ ಆ ಡಾಕ್ಟ್ರು ನಮ್ಮಿಬ್ಬರನ್ನೂ ಕೂರಿಸ್ಕೊಂಡು ಹೇಳಿದ್ರು. ಅಮ್ಮಂದು ಹಿಡಿದಿಲ್ಲ, ಹುಡುಗಂದೇ ಸುತ್ತ ಗಟ್ಟಿಯಾಗಿ ಬೆಳೆದಿದೆ. ಸತ್ತ ತುಂಡು ಈಗಲೇ ತೆಗೆದುಹಾಕೋಣ, ಸಣ್ಣ ಆಪರೇಷನ್ನು, ತಿಂಗಳಲ್ಲಿ ಓಡಾಡ್ತಾನೆ ಅಂದ್ರು. ಇವಳು ಒಪ್ಪಲಿಲ್ಲ. ಮುಂದಿನ ಸಲದಿಂದ ಆ ಆಸ್ಪತ್ರೆಗೇ ಕರ್ಕೊಂಡು ಹೋಗಲಿಲ್ಲ."

ನಮ್ಮವರು ಅಮ್ಮನನ್ನೇ ನೋಡುತ್ತಿದ್ದರು. "ಹೌದೇನಮ್ಮ?"

ಅತ್ತೆಯ ದನಿ ಒಮ್ಮೆಲೇ ಏರಿತು. "ನನ್ನ ಕಾಲು ಕೊಯ್ದು ತೆಗೆದಿದ್ದು ಕಣೋ! ಕಸದ ಬುಟ್ಟಿಗೆ ಹಾಕ್ತೀವಿ ಅಂದ್ರೆ ಹೂಂ ಅನ್ನಲಾ? ಇನ್ನೂ ಸ್ವಲ್ಪ ದಿನ ಬಿಟ್ರೆ ಹಿಡಿಯುತ್ತೆ ಅಂದ್ಕೊಂಡೆ. ಹಾಲು ಹಾಕಿದೆ, ಮೊಟ್ಟೆ ಹಾಕಿದೆ, ಕೈಯಾರೆ ತೊಳೆದೆ. ಬೀದಿಗೆ ಬೀದಿಯೇ ನನ್ನನ್ನ ತೋರಿಸಿ ತಾಯಿ ಅಂದ್ರೆ ಹೀಗಿರಬೇಕು ಅಂತಿತ್ತು. ಅವರಿಗೆಲ್ಲ ಏನು ಹೇಳಲಿ? ಸುಮ್ಮನೆ ಕುಂಟಿ ಆದೆ ಅಂತ ಹೇಳಲಾ?" ಎಂದು, ಗಂಡನ ಕಡೆ ತಿರುಗಿದರು. "ನೀವೂ ಅಲ್ಲೇ ಕೂತಿದ್ರಲ್ಲ, ನೀವ್ಯಾಕೆ ಬಾಯಿ ಬಿಡಲಿಲ್ಲ?"

"ನೀನು ಕುಂಟ್ತಾ ಮುಂದೆ ಹೋಗ್ತಿದ್ದೆ" ಎಂದರು ಮಾವ. "ಹಿಂದಿನಿಂದ ನೋಡ್ತಾ ಬಾಯಿ ಬರಲಿಲ್ಲ."

ಅಕ್ಕ ಗೋಡೆಗೆ ಒರಗಿ ಕೂತು ಸೆರಗನ್ನು ಬಾಯಿಗೆ ತುರುಕಿಕೊಂಡರು. ಅತ್ತೆ ಹಿಂಡಿದ ಬಟ್ಟೆ ಹಿಡಿದು ಕಾಲಿನ ಹತ್ತಿರ ಬಗ್ಗಿದರು, ಎಂದಿನಂತೆ. ನಮ್ಮವರು ಕಾಲನ್ನು ಎರಡೂ ಕೈಯಿಂದ ಎತ್ತಿ ಆಚೆಗೆ ಸರಿಸಿಕೊಂಡರು.

"ನೀನು ಬೇಡ" ಎಂದರು. ನನ್ನ ಕಡೆ ನೋಡಿ, "ನೀನು ತೊಳಿ."

ಎಂಟು ವರ್ಷ ಆ ಬೋಗುಣಿಗಾಗಿ ಹೊಟ್ಟೆ ಉರಿಸಿಕೊಂಡವಳು ನಾನು. ಕೈಗೆ ಬಂದಾಗ, ಗಾಯದ ಬಟ್ಟೆ ಬಿಚ್ಚಿದಾಗ, ವಾಕರಿಕೆ ತಡೆಯಲು ನಾಲಿಗೆ ಕಚ್ಚಿಕೊಳ್ಳಬೇಕಾಯಿತು. ಇದನ್ನು ಮುಖ ಕಿವುಚದೆ ಇಷ್ಟು ವರ್ಷ ತೊಳೆದರಲ್ಲ ಎಂದು ಅತ್ತೆಯ ಕಡೆ ನೋಡಿದೆ. ಅವರು ಅಡುಗೆಮನೆಗೆ ಹೋಗಿದ್ದರು.

ಮುಂದಿನ ವಾರವೇ ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿಯವರೆಗೆ ಮನೆಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ಅತ್ತೆ ಅಡುಗೆ ಮಾಡಿ ಮುಚ್ಚಿಡುತ್ತಿದ್ದರು, ನಾನು ಬಡಿಸುತ್ತಿದ್ದೆ. ನಮ್ಮವರು ಅಮ್ಮನನ್ನು ಬೈಯಲಿಲ್ಲ, ಅತ್ತು ರಂಪ ಮಾಡಲಿಲ್ಲ. "ಅಮ್ಮ, ನೀರು ಕೊಡು" ಎನ್ನುವ ಬಾಯಿಂದ "ನೀರು ಬೇಕಿತ್ತು" ಎಂಬ ಮಾತು ಬರತೊಡಗಿತು. ಅಷ್ಟೇ. ಬೈದಿದ್ದರೆ ಅತ್ತೆ ತಿರುಗಿಸಿ ಬೈದು ಹಗುರವಾಗುತ್ತಿದ್ದರೇನೋ.

ಆಪರೇಷನ್ ಆದ ಮರುದಿನ ಅತ್ತೆ ಒಬ್ಬರೇ ಬಸ್ಸು ಹತ್ತಿ ಬಂದರು. ವಾರ್ಡಿನಲ್ಲಿ ಹೊದಿಕೆಯ ಕೆಳಗೆ ಒಂದು ಕಡೆ ಉಬ್ಬು, ಇನ್ನೊಂದು ಕಡೆ ಸಪಾಟು. ಅತ್ತೆ ಉಬ್ಬಿನ ಕಡೆಗೆ, ಬಲಗಾಲಿನ ಹತ್ತಿರ, ಕೈ ಇಟ್ಟುಕೊಂಡು ನಿಂತರು. ನಮ್ಮವರ ಮುಖದಲ್ಲಿ ಜ್ವರದ ಕೆಂಪು ಇಳಿದಿತ್ತು.

ಅದೇ ಹೊತ್ತಿಗೆ ನರ್ಸಮ್ಮ ಬಂದು, "ತೆಗೆದ ಭಾಗ ಮನೆಯವರು ತಗೊಂಡು ಹೋಗ್ತೀರಾ, ಇಲ್ಲ ನಾವೇ ಸುಡೋಕೆ ಕಳಿಸೋಣ್ವಾ? ಕೆಲವರು ಮಣ್ಣು ಮಾಡ್ತೀವಿ ಅಂತಾರೆ, ಅದಕ್ಕೆ ಕೇಳಿದ್ದು" ಎಂದರು.

"ನಮಗೆ ಬೇಡ" ಎಂದೆ ನಾನು.

ಅತ್ತೆ ನರ್ಸಮ್ಮನ ಹತ್ತಿರ ಸರಿದರು. "ಕಾಲು ಕಳಿಸ್ಕೊಳ್ಳಿ ಸಿಸ್ಟರ್. ಒಳಗೊಂದು ಬಿಳಿ ತುಂಡಿದೆ. ಅದೊಂದು ಬಿಡಿಸಿ ಕೊಡಕ್ಕಾಗುತ್ತಾ? ಅದು ಇವನದಲ್ಲ, ನಂದು."

ನರ್ಸಮ್ಮ ಏನೂ ತಿಳಿಯದೆ ನನ್ನ ಮುಖ ನೋಡಿದರು.

"ಕೊಡಬೇಡಿ ಸಿಸ್ಟರ್" ಎಂದರು ನಮ್ಮವರು ದಿಂಬಿನಿಂದ ತಲೆ ಎತ್ತಿ. ಆಮೇಲೆ ಅಮ್ಮನಿಗೆ ಹೇಳಿದರು. "ಕೊಟ್ಟೆ ಕೊಟ್ಟೆ ಅಂತಿದ್ಯಲ್ಲ, ಕೊಟ್ಟ ಮೇಲೆ ಅದು ನಂದು. ಬಿಸಾಕೋ ಹಕ್ಕೂ ನಂದು."

"ಇಷ್ಟು ವರ್ಷ ತೊಳೆದಿದೀನಿ ಕಣೋ" ಎಂದರು ಅತ್ತೆ. ಅವರ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಕೇಳಿರಲಿಲ್ಲ.

"ಹೂಂ, ತೊಳೆದಿದೀಯ. ಈಗ ತೊಳೆಯೋಕೆ ಏನೂ ಉಳಿದಿಲ್ಲ. ಮನೆಗೆ ಹೋಗಮ್ಮ."

ಅತ್ತೆ ಚೀಲ ಎತ್ತಿಕೊಂಡು, ಮಂಚದ ಕಂಬಿಗಳನ್ನು ಒಂದೊಂದಾಗಿ ಹಿಡಿದುಕೊಳ್ಳುತ್ತಾ ಬಾಗಿಲ ಕಡೆ ನಡೆದರು. ಬಸ್ಸಿನವರೆಗೆ ಬಿಟ್ಟು ಬಾ ಎಂದು ನಮ್ಮವರು ಹೇಳಲಿಲ್ಲ, ನಾನೂ ಏಳಲಿಲ್ಲ.